ಟಯರಿನ ನಡುಕವನ್ನು ಚಾಲಕನ ಕೈಗೆ ಬರೆದ ಬಗ್ಗೆ

ಇಂದ:
ಕಚೇರಿ ಕಾರಿನ ಚಾಲಕ, ಇಪ್ಪತ್ತೆರಡು ವರ್ಷ ಸೇವೆ,
ಸದ್ಯ ಕಡತ ಹೊಲಿಯುವ ಕೋಣೆ.

ಗೆ:
ಮಾನ್ಯ ಮುಖ್ಯಾಧಿಕಾರಿಗಳು,
ಸದರಿ ಕಾರಿನ ಹಿಂದಿನ ಸೀಟು.

ವಿಷಯ: ಟಯರಿಗೆ ಬಂದ ರೋಗವನ್ನು ಚಾಲಕನ ಹೆಸರಿನಿಂದ ತೆಗೆದುಹಾಕುವ ಕುರಿತು.

ಉಲ್ಲೇಖ: "ಚಾಲಕನ ಕೈ ನಡುಗುತ್ತಿದೆ, ಗಾಡಿ ಕೊಡಕೂಡದು" ಎಂಬ ತಮ್ಮ ಕಳೆದ ತಿಂಗಳ ಆದೇಶ.

ಮಾನ್ಯರೇ,

ಮೇಲ್ಕಂಡ ವಿಷಯದಲ್ಲಿ ಅರ್ಜಿದಾರನು ವಿನಯದಿಂದ, ಅಂದರೆ ಇನ್ನೂ ಉಳಿದಿರುವಷ್ಟು ವಿನಯದಿಂದ, ಅರಿಕೆ ಮಾಡಿಕೊಳ್ಳುವುದೇನೆಂದರೆ:

೧. ತಾವು ರಜೆಯಲ್ಲಿದ್ದ ನಾಲ್ಕು ತಿಂಗಳು ಸದರಿ ಕಾರು ಶೆಡ್ಡಿನಲ್ಲಿ ಒಂದೇ ಕಡೆ ನಿಂತಿತ್ತು. ಕೀಲಿಕೈ ತಮ್ಮ ಮನೆಯಲ್ಲಿತ್ತು. ಹಿಂದಿನ ಎಡಚಕ್ರದ ಗಾಳಿ ಇಳಿದು, ಕಾರಿನ ಭಾರಕ್ಕೆ ಟಯರಿನ ಒಂದು ಭಾಗ ಚಪ್ಪಟೆಯಾಯಿತು. ಕಾರಣ, ಮತ್ತೆ ಗಾಳಿ ತುಂಬಿದರೂ ಟಯರು ಈಗ ದುಂಡಗಿಲ್ಲ.

೨. ತಾವು ಮರಳಿ ಬಂದು ಹತ್ತಿದ ದಿನ ಗಾಡಿ ಅರವತ್ತು ಮುಟ್ಟುತ್ತಲೇ ತಮ್ಮ ಸೀಟು ನಡುಗಿತು. "ಏನಯ್ಯಾ, ಕೈ ನಡುಗ್ತಿದ್ಯಾ? ವಯಸ್ಸಾಯ್ತು ನಿಂಗೆ" ಎಂದಿರಿ. "ಕೈ ಅಲ್ಲ ಸಾರ್, ಹಿಂದಿನ ಚಕ್ರ. ಮುಂದಿನದಾದ್ರೆ ಸ್ಟೀರಿಂಗ್ ಅದುರುತ್ತೆ, ಹಿಂದಿನದಾದ್ರೆ ಸೀಟು. ನೋಡಿ, ಸ್ಟೀರಿಂಗ್ ಅಲ್ಲಾಡ್ತಾನೇ ಇಲ್ಲ" ಎಂದು ಅರ್ಜಿದಾರ ಹೇಳಿದ. ತಾವು ಕಿಟಕಿಯಾಚೆ ನೋಡಿದಿರಿ. ಚಾಲಕನ ಕೈ ನಡುಕ ಅವನು ಹಿಡಿದ ಸ್ಟೀರಿಂಗನ್ನು ಬಿಟ್ಟು ಸಾಹೇಬರ ಆಸನಕ್ಕೇ ಹೇಗೆ ಹಾರಿತೆಂಬುದನ್ನು ಈವರೆಗೆ ಯಾರೂ ವಿವರಿಸಿಲ್ಲ.

೩. ವರ್ಕ್‌ಶಾಪಿನ ಮೇಸ್ತ್ರಿ ಚಕ್ರವನ್ನು ಮಿಷಿನ್ನಿಗೇರಿಸಿ ಮೂರು ಸಲ ಬ್ಯಾಲೆನ್ಸ್ ಮಾಡಿ, ತೂಕ ಸರಿದೂಗಲು ರಿಮ್ಮಿಗೆ ಸೀಸದ ತುಂಡು ಬಡಿದ. "ಮಿಷಿನ್ನೇ ಸರಿ ಅಂತಿದೆ, ಇನ್ನು ನಾನೇನ್ ಮಾಡ್ಲಿ?" ಎಂದ. ಬ್ಯಾಲೆನ್ಸ್ ನೋಡುವುದು ತೂಕವನ್ನು, ಆಕಾರವನ್ನಲ್ಲ. ತೂಕ ಸರಿದೂಗಿಸಿದ ಮಾತ್ರಕ್ಕೆ ಮೊಟ್ಟೆಯ ಮೇಲೆ ಗಾಡಿ ಓಡದು. ಮೇಸ್ತ್ರಿಗೂ ಇದು ಗೊತ್ತು. ಆದರೆ ಟಯರು ಕೆಟ್ಟಿದೆ ಎಂದು ಬರೆದರೆ ಯಾರಿಂದ ಕೆಟ್ಟಿತೆಂದೂ ಬರೆಯಬೇಕು. ಅವನಿಗೂ ಸಂಸಾರವಿದೆ.

೪. ಆದ್ದರಿಂದ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ನಿಯಮದನ್ವಯ, ಅರ್ಜಿದಾರನನ್ನು ಆಸ್ಪತ್ರೆಗೆ ಕಳಿಸಲಾಯಿತು. ವೈದ್ಯರು ಚಾಚಿದ ಬೆರಳುಗಳ ಮೇಲೆ ಕಾಗದವಿಟ್ಟು ನೋಡಿ, "ನಿಮ್ಮ ಕೈಗೇನೂ ಆಗಿಲ್ಲ. ಯಾರು ಕಳಿಸಿದ್ದು?" ಎಂದರು. ಹೇಳಲು ಅರ್ಜಿದಾರನಿಗೇ ನಾಚಿಕೆಯಾಯಿತು. ವರದಿ ತಮ್ಮ ಮೇಜು ಸೇರಿತು, ಆದೇಶ ಮಾತ್ರ ಬದಲಾಗಲಿಲ್ಲ. ಈಗ ಕಡತದ ಕೋಣೆಯಲ್ಲಿ ಸೂಜಿಗೆ ದಾರ ಪೋಣಿಸುವ ಕೆಲಸವೆಲ್ಲ ಅವನದೇ, ಏಕೆಂದರೆ ಅಲ್ಲಿ ಅಷ್ಟು ಸ್ಥಿರವಾದ ಕೈ ಬೇರೆ ಯಾರದೂ ಇಲ್ಲ.

೫. ಬದಲಿ ಚಾಲಕನ ಕೈಯೂ ಹದಿನೈದೇ ದಿನದಲ್ಲಿ ನಡುಗತೊಡಗಿದೆಯೆಂದು ತಿಳಿದುಬಂದಿದೆ.

ಕಾರಣ, ಸದರಿ ಚಕ್ರವನ್ನು ಜಾಕಿನ ಮೇಲೆತ್ತಿ, ಟಯರಿಗೆ ತುಸುವೇ ತಾಗುವಂತೆ ಸೀಮೆಸುಣ್ಣ ಹಿಡಿದು, ಒಂದು ಸುತ್ತು ತಿರುಗಿಸಲು ಪ್ರಾರ್ಥನೆ. ಚಪ್ಪಟೆಯಾದ ಕಡೆ ಬಿಳಿ ಗೆರೆ ಮೂಡುವುದಿಲ್ಲ. ಎರಡು ನಿಮಿಷದ ಕೆಲಸ. ತಾವು ಕಾರಿನಿಂದ ಇಳಿಯಬೇಕು, ಅದೊಂದೇ ಕಷ್ಟ.

ಅದಾಗದಿದ್ದರೆ ಬೇಡ. ಗಾಡಿಯನ್ನೂ ಕೊಡಬೇಡಿ. ಆದರೆ ತಮ್ಮ ಆದೇಶದ ಒಂದು ಪ್ರತಿ ಅರ್ಜಿದಾರನ ಮನೆಗೂ ಬಂದು, ಅವನ ಹೆಂಡತಿ ಅದನ್ನು ಓದಿದ್ದಾಳೆ. ಅಂದಿನಿಂದ ಅವನ ಚಹಾದ ಲೋಟವನ್ನು ಅರ್ಧಕ್ಕೇ ತುಂಬುತ್ತಾಳೆ. "ಕೈ ಸರಿಯಾಗಿದೆ ಕಣೇ" ಎಂದರೆ, "ಇರ್ಲಿ ಬಿಡಿ, ಇನ್ನರ್ಧ ಆಮೇಲೆ ಕೊಡ್ತೀನಿ" ಎನ್ನುತ್ತಾಳೆ. ವೈದ್ಯರ ಮಾತಿಗಿಂತ ಅವಳಿಗೆ ಕಚೇರಿಯ ಮೊಹರೇ ದೊಡ್ಡದು. ಈ ಒಂದು ವಿಷಯ ಅರ್ಜಿದಾರನಿಗೆ ತಡೆಯಲಾಗುತ್ತಿಲ್ಲ.

ಆದ್ದರಿಂದ, ಲೋಟವನ್ನು ಪೂರ್ತಿ ತುಂಬಬಹುದೆಂದು ಅವಳ ಹೆಸರಿಗೆ, ಮೊಹರು ಸಹಿತ, ಒಂದು ಸಾಲು ಬರೆದುಕೊಡಬೇಕಾಗಿ ಕೋರಿಕೆ.

ತಮ್ಮ ವಿಶ್ವಾಸಿ,
(ಸಹಿ. ಅಕ್ಷರ ನೆಟ್ಟಗಿರುವುದನ್ನು ಗಮನಿಸುವುದು)

ಲಗತ್ತು:
ವೈದ್ಯರ ಪ್ರಮಾಣಪತ್ರ.
ಸೀಮೆಸುಣ್ಣ, ಒಂದು.
ಕೋರಿದ ಸಾಲಿನ ಕರಡು, ತಮ್ಮ ಸಹಿಗೆ ಜಾಗ ಬಿಟ್ಟು.