ನಾನು ಕುಳಿತಾಗಲೆಲ್ಲ ಗರ್ರ್ ಎನ್ನುವ ಗಾಲಿಗಳಿಗೆ

ಇಂದ: ಮಾಯವ್ವ, ಜಮಖಂಡಿ ತಾಲೂಕು
ಗೆ: ನಮ್ಮ ಮನೆಯ ಕಾರಿನ ನಾಲ್ಕು ಹೊಸ ಅಗಲ ಗಾಲಿಗಳು

ಮಾನ್ಯರೇ,

ನೆಲಕ್ಕಿಂತ ಎತ್ತರದಲ್ಲಿ ಎಂದೂ ಬಾಳದೆ ಇದ್ದರೂ ಗಣ್ಯರ ಠೀವಿಯಿಂದ ಹೊಳೆಯುವ ತಮ್ಮ ನಾಲ್ವರಿಗೂ ಈ ಮನೆಯ ಹಿರಿಯಳ ನಮಸ್ಕಾರಗಳು. ತಾವು ಈ ಮನೆಗೆ ಬಂದ ದಿನ ನಾನೇ ಕೈಯಾರೆ ತಮಗೆ ಭಂಡಾರದ ಅರಿಶಿನ ಹಚ್ಚಿ, ಅಡಿಯಲ್ಲಿ ನಿಂಬೆಹಣ್ಣು ಇಟ್ಟು, ಮನೆದೇವರು ಬೀರಪ್ಪನ ಹೆಸರು ಹೇಳಿ ಒಳಗೆ ಕರೆದುಕೊಂಡದ್ದನ್ನು ತಾವು ಮರೆತಿರಬಹುದು, ನಾನು ಮರೆತಿಲ್ಲ. ಬನಹಟ್ಟಿಯ ಗೆಳೆಯನ ಕಾರಿಗೆ ಇಂಥವೇ ಇವೆ ಎಂಬ ಒಂದೇ ಘನವಾದ ಕಾರಣಕ್ಕೆ ನನ್ನ ಮಗ ಭೀಮಶಿ, ಏನೂ ತಪ್ಪು ಮಾಡದ ಹಳೆಯ ಗಾಲಿಗಳನ್ನು ದನದ ಕೊಟ್ಟಿಗೆಗೆ ಎಸೆದು ತಮ್ಮನ್ನು ಹಾಕಿಸಿಕೊಂಡು ಬಂದ. ಮೊದಲಿನವುಗಳಿಗಿಂತ ತಾವು ಅಗಲ, ಹೊರಗೆ ಚಾಚಿಕೊಂಡವರು. ಅಂಥವರನ್ನು ನಾನು ನೆಂಟರಲ್ಲಿಯೂ ಕಂಡಿದ್ದೇನೆ.

ಮರುದಿನವೇ ಮುಧೋಳದ ದಾರಿಯಲ್ಲಿ, ರಸ್ತೆಗೆ ಅಡ್ಡ ಉಬ್ಬಿದ ಹಂಪು ಬಂದಲ್ಲೆಲ್ಲ, ಹಿಂದಿನ ಎಡಗಡೆಯಿಂದ ಗರ್ರ್ ಎಂಬ ಸಪ್ಪಳ ಶುರುವಾಯಿತು. ಆ ಹಿಂದಿನ ಎಡಗಡೆಯ ಸೀಟು, ಕಾರು ಬಂದ ದಿನದಿಂದ ನನ್ನದು. ಗ್ಯಾರೇಜಿನ ದುರಗೇಶನನ್ನು ಕರೆಸಿದೆವು. ಅವನ ವಿದ್ಯೆಯನ್ನು ಎಷ್ಟು ಹೊಗಳಿದರೂ ಕಡಿಮೆಯೇ, ಏಕೆಂದರೆ ಸಪ್ಪಳ ಎಲ್ಲಿದೆಯೋ ಅಲ್ಲಿ ಬಿಟ್ಟು ಉಳಿದ ಎಲ್ಲ ಕಡೆಯೂ ಅವನು ಹುಡುಕಿದ. "ಗಾಲಿದು ಅಲ್ಲ ಬಿಡ್ರೀ ಯವ್ವಾ, ಬೇರಿಂಗ್ ಹೋಗೇತ್ರಿ" ಎಂದು ಬೇರಿಂಗ್ ಬದಲಿಸಿದ. ಆಮೇಲೆ ಬ್ರೇಕು ಬಿಚ್ಚಿದ, ಸೈಲೆನ್ಸರಿನ ಪಟ್ಟಿ ಬಿಗಿದ. ಕೊನೆಗೆ ಕಾರನ್ನು ಜಾಕಿನ ಮೇಲೆ ಎತ್ತಿ, ಗಾಳಿಯಲ್ಲಿ ತಮ್ಮನ್ನು ತಿರುಗಿಸಿ, "ಕೇಳ್ರಿ, ಒಂದ್ ಸಪ್ಪಳ ಐತೇನ್ರೀ?" ಎಂದ. ಇರಲಿಲ್ಲ. ಭಾರ ಹೊರದೆ ಇದ್ದಾಗ ಎಲ್ಲರೂ ಸುಶೀಲರೇ.

ಆಗ ನನ್ನ ಸೊಸೆ ರಂಜನಾ, ಕಾರಿನಲ್ಲಿ ಮುಂದೆ ಕುಳಿತುಕೊಳ್ಳುವವಳು, ಬಾಗಿಲಲ್ಲಿ ನಿಂತು ಸೆರಗಿನಲ್ಲಿ ನಗು ಮುಚ್ಚಿಕೊಂಡು, "ನಾವಿಬ್ಬರ ಹೋದ್ರ ಸುಮ್ಮನಿರತೈತ್ರಿ. ಅತ್ತಿಯವರು ಕುಂತಾಗಷ್ಟ ಒದರತೈತಿ" ಎಂದಳು. ಭೀಮಶಿ ನನ್ನನ್ನು ಕೂರಿಸಿಕೊಂಡು ಒಂದು ಸುತ್ತು ಹೋದ, ಇಳಿಸಿ ಒಂದು ಸುತ್ತು ಹೋದ. ಬಂದು ನಿಂತವನೇ ದೊಡ್ಡ ಶೋಧ ಮಾಡಿದವನಂತೆ "ಸಪ್ಪಳ ಗಾಡೀದಲ್ಲ, ಅವ್ವಂದು" ಎಂದು ತೀರ್ಪು ಕೊಟ್ಟ.

ಮಾನ್ಯರೇ, ಸಂಗತಿ ಇಲ್ಲಿಗೇ ಮುಗಿದಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ನಾಳೆ ಬೀಳಗಿಯಲ್ಲಿ ನನ್ನ ತಮ್ಮನ ಮಗಳು ಪೂನಮ್‌ಳ ನಿಶ್ಚಯ. ಮನೆತನದ ಹಿರಿಯಳಾಗಿ ಮೊದಲ ಉಡಿ ತುಂಬಬೇಕಾದವಳು ನಾನು. ನನ್ನ ಮಗ ಬಹಳ ಪ್ರೀತಿಯಿಂದ, "ನಾವು ಕಾರ್ ತಗೊಂಡು ಮುಂದ ಹೋಗಿರ್ತೀವಿ, ನೀ ಬಸ್ಸಿಗೆ ಬಾ ಬೇ. ನೆಂಟರ ಮುಂದ ಗಾಡಿ ಒದರಿದ್ರ ಮರ್ಯಾದಿ ಹೋಗತೈತಿ" ಎಂದ. ಬಂಡಿಯ ಗಾಲಿ ಕಿರುಗುಟ್ಟಿತೆಂದು ಹೇರನ್ನು ಕೆಳಗಿಳಿಸಿ, ನೀನು ಹಿಂದಿನಿಂದ ನಡೆದು ಬಾ ಎಂದವರು ನಮ್ಮ ಮನೆತನದಲ್ಲಿ ಇವನೇ ಮೊದಲಿಗ.

ನನ್ನ ಭಾರ ಎಷ್ಟೆಂಬುದು ಊರಿಗೇ ಗೊತ್ತು. ಹೋದ ವರ್ಷ ಇದೇ ಭೀಮಶಿ ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡಾಗ, ಅವನು ನೆಟ್ಟಗೆ ನಡೆದರೆ ನನ್ನ ತೂಕದ ಬೆಲ್ಲ ಕೊಡುತ್ತೇನೆಂದು ಬೀರಪ್ಪನಿಗೆ ಹರಕೆ ಹೊತ್ತಿದ್ದೆ. ಗುಡಿಯಲ್ಲಿ ತುಲಾಭಾರ ಮಾಡಿಸುವಾಗ, ಹತ್ತು ಕಿಲೋದ ಬೆಲ್ಲದ ಗಟ್ಟಿಗಳನ್ನು ಎಣಿಸಿ, "ಏಳು ಪೆಂಟಿ ಬೆಲ್ಲ ಕುಂತಿತು ನಮ್ಮವ್ವಗ!" ಎಂದು ಸಾರಿದವನೂ ಇವನೇ. ಆದ್ದರಿಂದ ನಿನ್ನೆ ಮುಂಜಾನೆ ನಮ್ಮ ಗಾಣದ ಏಳು ಪೆಂಟಿ ಬೆಲ್ಲವನ್ನು ನನ್ನ ಸೀಟಿನಲ್ಲಿ ಪೇರಿಸಿ, ನನ್ನದೇ ಹಳೆಯ ಇಳಕಲ್ ಸೀರೆ ಸುತ್ತಿ, ಬೆಲ್ಟು ಹಾಕಿಸಿದೆ. "ಅತ್ತಿಯವರು ಇಷ್ಟು ಸುಮ್ಮ ಕುಂತದ್ದು ನಾ ನೋಡೇ ಇಲ್ಲ" ಎಂದಳು ರಂಜನಾ. ಅದನ್ನು ಲೆಕ್ಕದಲ್ಲಿ ಇಟ್ಟುಕೊಂಡಿದ್ದೇನೆ.

ಕಾರು ಹಂಪು ಹತ್ತಿ ಇಳಿಯಿತು. ಗರ್ರ್ ಎಂದಿತು.

ಇಳಿದು ಬಂದವರ ಮುಂದೆ ನಾನು ತಮ್ಮ ಮೇಲಿನ ತಗಡಿನ ಅಂಚಿಗೆ ಬೆರಳಾಡಿಸಿದೆ. ಬಣ್ಣ ಕಿತ್ತು ತಗಡು ಹೊಳೆಯುತ್ತಿತ್ತು, ಬೆರಳಿಗೆ ತಮ್ಮ ರಬ್ಬರಿನ ಕರಿ ಪುಡಿ ಹತ್ತಿತು. ಕಾರು ಭಾರಕ್ಕೆ ತುಸು ತಗ್ಗಿದರೆ ಸಾಕು, ಹೊರಗೆ ಚಾಚಿಕೊಂಡ ತಾವು ಆ ಅಂಚಿಗೆ ಮೈ ತಿಕ್ಕಿ ಒದರುತ್ತೀರಿ. ಭೀಮಶಿ ನನ್ನ ಬೆರಳು ನೋಡಿದ, ಬೆಲ್ಲ ನೋಡಿದ, ಬಹಳ ಹೊತ್ತು ವಿಚಾರ ಮಾಡಿ, "ಹಂಗಾರ ಬೆಲ್ಲಾನೂ ಬಸ್ಸಿಗೆ ಕಳಸೂಣು" ಎಂದ. ತಮ್ಮ ಮೇಲಿನ ಅವನ ಭಕ್ತಿಯ ಅರ್ಧದಷ್ಟು ಬೀರಪ್ಪನ ಮೇಲಿದ್ದರೆ ಅವನ ಕಾಲು ಮುರಿಯುತ್ತಲೇ ಇರಲಿಲ್ಲ.

ಆದ್ದರಿಂದ ತಮ್ಮಲ್ಲಿ ವಿನಂತಿ. ನನ್ನ ಜಾಗ ತಮಗೆ ಬೇಕಾದರೆ ಅದರ ಕೆಲಸವನ್ನೂ ದಯಮಾಡಿ ವಹಿಸಿಕೊಳ್ಳಿ. ಬೀಳಗಿಗೆ ಉರುಳಿ ಹೋಗಿ ಪೂನಮ್‌ಳ ಉಡಿ ತುಂಬಿರಿ, ಅಕ್ಕಿ ಚೆಲ್ಲಬಾರದು. ಮದುವೆ ಗಂಡಿನ ಊರಿನಲ್ಲೇ ಆಗಬೇಕೆಂದು ಅವನ ಕಡೆಯವರು ಹಟ ಹಿಡಿದಾಗ, ಅವರಿಗೆ ಬೇಸರವಾಗದಂತೆ, "ಆಗುವುದಿಲ್ಲ" ಎಂದು ಹೇಳಿರಿ. ಯಾವ ನೆಂಟ ಯಾರ ಪಂಕ್ತಿಯಲ್ಲಿ ಕುಳಿತರೆ ಊಟ ಬಿಟ್ಟು ಏಳುತ್ತಾನೆಂಬುದನ್ನು ನೆನಪಿಟ್ಟುಕೊಳ್ಳಿ. ಇಷ್ಟನ್ನು ತಾವು ನಾಲ್ವರು ಸೇರಿ ಮಾಡುವುದಾದರೆ ನಾನು ಸಂತೋಷದಿಂದ ಬಸ್ಸು ಹತ್ತುತ್ತೇನೆ.

ಈ ವಿನಂತಿಯಷ್ಟನ್ನು ನಿನ್ನೆಯೇ ಬರೆದು, ಮಧ್ಯಾಹ್ನ ಮಗನ ಮುಂದೆ ಓದಿದೆ. ಆಗ ಕಾರಿನ ಕೀಲಿ ನನ್ನ ಸೊಂಟದ ಚಂಚಿಯಲ್ಲಿತ್ತು, ಉಡಿಯ ಸಾಮಾನು ನನ್ನ ಟ್ರಂಕಿನಲ್ಲಿತ್ತು. ಅವನು ತಮ್ಮ ಕಡೆ ನೋಡಿದ. ತಮ್ಮಲ್ಲಿ ಒಬ್ಬರೂ ಬೀಳಗಿಯ ಕಡೆ ಉರುಳಲಿಲ್ಲ. ಸಂಜೆಗೆ ದುರಗೇಶ ಜಾಕು ಹಿಡಿದುಕೊಂಡು ಬಂದ.

ತಮ್ಮ ಮೇಲೆ ಕಾಳಿನಷ್ಟೂ ವಿಶ್ವಾಸ ಉಳಿಯದಿದ್ದರೂ, ಸಾಲಿಯಲ್ಲಿ ಕಲಿಸಿದ ಪದ್ಧತಿಗೆ ಕಟ್ಟುಬಿದ್ದು,

ತಮ್ಮ ವಿಶ್ವಾಸಿ,
ಮಾಯವ್ವ

ತಾ.ಕ.: ಹಳೆಯ ಗಾಲಿಗಳು ಕಾರಿಗೆ ಮರಳಿದ್ದರಿಂದ, ಅವುಗಳೊಳಗೆ ಕಾವು ಕುಳಿತಿದ್ದ ನಮ್ಮ ಕೋಳಿಗೆ ಮನೆ ಇಲ್ಲದಂತಾಗಿದೆ. ಕೊಟ್ಟಿಗೆಯಲ್ಲಿ ಅದಕ್ಕೆ ತಮ್ಮನ್ನೇ ಗೊತ್ತು ಮಾಡಿದ್ದೇನೆ. ಅದರ ಭಾರ ಅಷ್ಟೇನೂ ಇಲ್ಲ, ಒದರಬೇಡಿ.