ಸೆಲ್ ಸೋರಿತು, ಮಿಸ್ತ್ರಿ ಸಿಕ್ಕಿಬಿದ್ದ

ಗೋಪನಕೊಪ್ಪದಾಗ ಗಡಿಯಾರ, ರಿಮೋಟ್, ಟಾರ್ಚ್ ರಿಪೇರಿ ಮಾಡಕೋತ ನಂದು ಇಪ್ಪತ್ತು ವರ್ಷ ಹೋತ್ರಿ. ಸೆಲ್ ಹಾಕೂದು ಎಲ್ಲಾರಿಗೂ ಗೊತ್ತು, ತೆಗೀಬೇಕು ಅನ್ನೂದು ಒಬ್ಬರಿಗೂ ನೆನಪಿರೂದಿಲ್ಲ. ಅದು ಒಳಗ ಕುಂತು ಕುಂತು ನೀರು ಬಿಟ್ಟು, ಸ್ಪ್ರಿಂಗ್ ತಿಂದು, ಬಿಳೇ ಬೂದಿ ಮಾಡಿ ಇಟ್ಟಿರತೈತಿ. ಆಮ್ಯಾಲ ತಪ್ಪು ಯಾರದು ಅಂತ ಜಗಳಾಡಾಕ ನನ್ನ ಅಂಗಡಿಗೇ ಬರ್ತಾರ. ವಾರಕ್ಕೊಂದರ ಪಂಚಾಯ್ತಿ ಇದ್ದದ್ದ.

೧. ಮಾಸ್ತರ ಅರ್ಜಿ

ರಿಟೈರ್ ಆದ ಮಾಸ್ತರೊಬ್ಬರು ಗ್ವಾಡಿ ಗಡಿಯಾರ ಬಗಲಾಗ ಹಿಡಕೊಂಡು ಬಂದರು. ಇನ್ನೊಂದು ಕೈಯಾಗ ಅರ್ಜಿ. "ತಾವು ಮಾರಿದ ಸೆಲ್ ಸೋರಿ ನನ್ನ ಗಡಿಯಾರಕ್ಕೆ ಹಾನಿಯಾಗಿದೆ" ಅಂತ ಬರದು, ಕೆಂಪು ಪೆನ್ನಿಲೆ ಅಡಿಗೆರಿ ಬ್ಯಾರೆ ಎಳದಿದ್ದರು.

"ಕುಂದರ್ರಿ ಮಾಸ್ತರ, ಮದಲ ಸೆಲ್ ನೋಡೂಣು" ಅಂದೆ. ಗಡಿಯಾರ ಎಷ್ಟು ವರ್ಷ ಅಟ್ಟದ ಮ್ಯಾಲ ಬಿದ್ದಿತ್ತೋ, ಸೆಲ್ ಅದರಾಗ ಬೇರು ಬಿಟ್ಟಂಗ ಕುಂತಿತ್ತು. ಕಿತ್ತು, ಬೂದಿ ಒರಸಿ, ತಾರೀಖು ಓದಿದೆ.

"ಮಾಸ್ತರ, ಈ ಸೆಲ್ ತಯಾರಾದಾಗ ನಾ ಇನ್ನೂ ಸಾಲ್ಯಾಗ ಇದ್ದೆ. ಅಂಗಡೀನ ಇರಲಿಲ್ರಿ!"

ಮಾಸ್ತರು ಚಶ್ಮಾ ಏರಿಸಿ ಓದಿದರು. ಸೋಲೂ ಪೈಕಿ ಅಲ್ಲ. "ಹಂಗಾದ್ರ ಆಗ ಛಲೋತ್ನಂಗ ಕಲೀಬೇಕಿತ್ತು" ಅಂದವರ, ಹೋಗೂಮುಂದ ಬಾಗಲಕ್ಕ ತೂಗಹಾಕಿದ್ದ ನನ್ನ ರಟ್ಟಿನ ಬೋರ್ಡಿನ್ಯಾಗ 'ರಿಪೆರಿ'ಗೆ ಕೆಂಪು ಪೆನ್ನಿಲೆ ದೀರ್ಘ ಕೊಟ್ಟು ಹೋದರು.

೨. ಹಳೇದು ಮತ್ತು ಹೊಸಾದು

ಅತ್ತಿ, ಸೊಸಿ, ಇಬ್ಬರ ಹಿಂದ ಮಗ. ಟಿವಿ ರಿಮೋಟ್ ಸೋರಿ ಅತ್ತಿಯವರ ಬೆರಳು ಉರಿಯಾಕತ್ತಿತ್ತು. ಕೈ ತೊಳಕೊಂಡು ಬರ್ರಿ ಅಂತ ಕಳಿಸಿ, ರಿಮೋಟ್ ತಗದರ ಒಳಗ ಒಂದು ಹಳೇ ಸೆಲ್, ಒಂದು ಹೊಸಾದು.

ಅತ್ತಿಯವರು ತೊಳಕೊಂಡು ಬಂದ ಮ್ಯಾಲ ನಾ ತಿಳಿಸಿ ಹೇಳಿದೆ: "ಹಳೇದನ್ನೂ ಹೊಸಾದನ್ನೂ ಒಂದ ಕಡೆ ಹಾಕಬಾರದ್ರಿ. ಹೊಸಾದು ಜೋರು ಮಾಡತೈತಿ, ಹಳೇದು ತಡಕೊಳ್ಳಾಕಾಗದ ಸೋರತೈತಿ."

ಅತ್ತಿಯವರು ಸೊಸಿ ಕಡೆ ತಿರುಗಿದರು. "ಕೇಳಿದಿ? ಜೋರು ಮಾಡೂದು ಹೊಸಾದು!"

ಸೊಸಿ ಬಿಡಲಿಲ್ಲ. "ಸೋರಿ ಸುಟ್ಟದ್ದು ಯಾವುದ್ರಿ ಮಿಸ್ತ್ರಿ?"

"ಹಳೇದವಾ" ಅಂದೆ. ಬಾಯಿ ತಪ್ಪಿ ಬಂತು.

ಇಬ್ಬರದೂ ಜಗಳ ಚಾಲೂ ಆತು. ಮಗ ಮೆಲ್ಲಕ ನನ್ನ ಹಂತ್ಯಾಕ ಸರದು ಕೇಳಿದ: "ಅಣ್ಣಾ, ಇವೆರಡರ ನಡುವ ಇರೂ ಸ್ಪ್ರಿಂಗಿನ ಗತಿ ಏನ್ರಿ?"

"ತುಕ್ಕ ಹಿಡೀತೈತ್ರಿ."

"ಹೌದ್ರಿ," ಅಂತ ಉಸಿರು ಬಿಟ್ಟ, "ಹಿಡದೈತಿ."

೩. ಎಂಟು ಕೆಜಿ

ನಮ್ಮ ಓಣಿ ಅಕ್ಕಾರೊಬ್ಬರು ಮೊಣಕಾಲ ನೋವಂತ ಮುಂಜಾನೆ ವಾಕಿಂಗ್ ಚಾಲೂ ಮಾಡಿದರು. ಮನ್ಯಾಗ ಸೆಲ್ ಹಾಕೂ ತೂಕದ ಮಷಿನ್. ಮದಲನೇ ವಾರ ಎರಡು ಕೆಜಿ ಇಳದರು. ತಿಂಗಳು ತುಂಬೂದ್ರಾಗ ಎಂಟು! ಸುದ್ದಿ ಹಬ್ಬಿ ಹತ್ತು ಮಂದಿ ಹೆಣ್ಣಮಕ್ಕಳು ಅವರ ಹಿಂದ ನಡ್ಯಾಕ ಹತ್ತಿದರು. ಅಕ್ಕಾರು ಹೇಳಿದರಂತ ಚಾದಾಗ ಸಕ್ರಿ ಬಿಟ್ಟರು, ಸಂಜಿ ಮಿರ್ಚಿ ಭಜಿ ಬಿಟ್ಟರು. ಭಜಿ ಗಾಡಿಯವ ಅಕ್ಕಾರನ್ನ ಕಂಡರ ಮಾರಿ ತಿರುವತಿದ್ದ.

ರವಿವಾರ ಮಹಿಳಾ ಮಂಡಳದಾಗ ಅವರ ಭಾಷಣ. ಶನಿವಾರ ಮಷಿನ್ ಬಂದ್ ಬಿತ್ತು.

"ಮಿಸ್ತ್ರಿ, ಲಗೂ ಮಾಡ್ರಿ. ನಾಳೆ ಸ್ಟೇಜ್ ಮ್ಯಾಲ ನಿಂತು ತೋರಸಬೇಕು."

ತಗದರ ಒಳಗ ಹಸರ ಬೂದಿ. ನಿಂಬಿಹಣ್ಣಿನ ರಸ ಹಚ್ಚಿ ತಿಕ್ಕಿ, ಒರಸಿ, ಹೊಸಾ ಸೆಲ್ ಹಾಕಿ, "ನಿಲ್ರಿ" ಅಂದೆ.

ನಿಂತರು. ನೋಡಿದರು. ಇಳದು ಚಪ್ಪಲಿ ಬಿಟ್ಟು ನಿಂತರು. ಇಳದು ಪರ್ಸು ಇಟ್ಟು ನಿಂತರು. ಕಡೀಕ ಚಶ್ಮಾನೂ ತಗದರು. ಆಗ ಅಂಕಿ ಕಾಣಲಿಲ್ಲ, ನನ್ನ ಕಡೀಂದ ಓದಿಸಿದರು. ಅರವತ್ತೊಂಬತ್ತು. ತಿಂಗಳ ಹಿಂದ ಎಷ್ಟಿದ್ದರೋ ಅಷ್ಟ.

"ಅಕ್ಕಾರ, ಸೆಲ್ ಸೋರಿ ಮಷಿನ್ ತಪ್ಪು ತೋರಸಾಕತ್ತಿತ್ರಿ" ಅಂತ ಅಂಜಕೋತ ಹೇಳಿದೆ.

"ನಿನ್ನೆ ಮನ್ಯಾಗ ಅರವತ್ತೊಂದು ಇದ್ದೆ. ನಿಮ್ಮ ಅಂಗಡ್ಯಾಗ ಹತ್ತು ನಿಮಿಷಕ್ಕ ಎಂಟು ಕೆಜಿ ಏರೀನಿ! ನೀವ ಉತ್ತರ ಕೊಡ್ರಿ!" ಅಂದರು. ಆಮ್ಯಾಲ ದನಿ ಇಳೀತು. "ಒಂದು ದಿನಾನೂ ವಾಕಿಂಗ್ ತಪ್ಪಿಸಿಲ್ರಿ ಮಿಸ್ತ್ರಿ. ನಾಳೆ ಯಾವ ಮಾರಿ ತೋರಸಲಿ?"

ಕಣ್ಣಾಗ ನೀರು ಬಂದಿತ್ತು. ನನಗೂ ಕೆಡಕನಿಸಿತು. "ಮೊಣಕಾಲ ನೋವು ಹೆಂಗೈತ್ರಿ?" ಅಂತ ಕೇಳಿದೆ.

ಕಾಲು ಮಡಚಿ ಬಿಚ್ಚಿ ನೋಡಿದರು. "ಹೋಗೇತ್ರಿ. ಖರೇನ ಹೋಗೇತಿ."

ಮರದಿವಸ ಸ್ಟೇಜ್ ಹತ್ತಿ ಇದ್ದದ್ದನ್ನ ಇದ್ದಂಗ ಹೇಳಿಬಿಟ್ಟರು. ಸೆಲ್, ಬೂದಿ, ಚಶ್ಮಾ ಎಲ್ಲಾ. ಹೆಣ್ಣಮಕ್ಕಳು ಬಿದ್ದು ಬಿದ್ದು ನಕ್ಕು, ಚಪ್ಪಾಳಿ ಹೊಡದರಂತ.

ಸೋಮವಾರ ಅಂಗಡಿ ಬಾಗಲಾ ತಗದರ ಹತ್ತೂ ಮಂದಿ ತಮ್ಮ ತಮ್ಮ ತೂಕದ ಮಷಿನ್ ಹಿಡಕೊಂಡು ಸಾಲಾಗಿ ನಿಂತಾರ. "ಎಲ್ಲಾವೂ ಕೆಟ್ಟಾವೇನ್ರಿ?" ಅಂದೆ ಗಾಬರ್ಯಾಗಿ.

ಮುಂದಿನಾಕಿ ಹಿಂದ ಮುಂದ ನೋಡಿ, ದನಿ ಸಣ್ಣ ಮಾಡಿ ಅಂದಳು: "ಇಲ್ರಿ, ಛಲೋ ಅದಾವು. ಅಕ್ಕಾರ ಮಷಿನ್ಯಾಗಿನ ಆ ಸೋರಿದ ಸೆಲ್ ಕೊಡ್ರಿ. ಹಬ್ಬದ ಹೋಳಿಗಿ ಮುಗಿಯೂಮಟ ನನ್ನ ಮಷಿನ್ಯಾಗ ಹಾಕಿ, ಆಮ್ಯಾಲ ಹಿಂದ ನಿಂತ ಈ ಅಕ್ಕಗ ದಾಟಸ್ತೇನಿ."