ಈ ನೀರು ಎಲ್ಲಿಂದ್ರಿ?

ನಮ್ಮ ಸೋದರಮಾವನನ್ನು ಯಾರ ಮನೆಗಾದರೂ ಕರೆದುಕೊಂಡು ಹೋಗಿ, ಬಾಯಾರಿದಾಗ ಮಾತ್ರ ಬೇಡ! ನಮ್ಮ ಕಡೆ ಮನೆಗೆ ಬಂದವರ ಕೈಗೆ ಮೊದಲು ಒಂದು ಚೂರು ಬೆಲ್ಲ, ಒಂದು ತಂಬಿಗೆ ನೀರು ಕೊಡುವುದು ರೂಢಿ. ಬಂದವರು ಬೆಲ್ಲ ಬಾಯಿಗೆ ಹಾಕಿಕೊಂಡು, ನೀರು ಕುಡಿದು, ಮಳೆ ಬೆಳೆ ವಿಚಾರಿಸಬೇಕು. ನಮ್ಮ ಮಾಮಾ ಮಾತ್ರ ತಂಬಿಗೆ ಹಿಡಿದುಕೊಂಡೇ ತನಿಖೆ ಶುರು ಮಾಡುತ್ತಾನೆ.

“ಈ ನೀರು ಎಲ್ಲಿಂದ್ರಿ? ಯಾರು ತರ್ತಾರ?”

ಉತ್ತರ ಸಿಗುವವರೆಗೆ ಒಂದು ಗುಟುಕೂ ಇಳಿಯುವುದಿಲ್ಲ. ಆಳಂದದ ಒಂದು ಮದುವೆಯಲ್ಲಿ ಊಟಕ್ಕೆ ಕುಳಿತವನು, ನೀರಿನ ಲೋಟ ಬಂದದ್ದೇ ಎದ್ದು ಅದರ ಮೂಲ ಹುಡುಕಿಕೊಂಡು ಪೆಂಡಾಲಿನ ಹಿಂದೆ ಹೋದ. ಅಲ್ಲಿಂದ ಪಕ್ಕದ ಹೊಲದ ಬಾವಿಗೆ, ಬಾವಿಯಿಂದ ಹೊಲದವರ ಮನೆಗೆ! ತಿರುಗಿ ಬರುವಷ್ಟರಲ್ಲಿ ಹುಗ್ಗಿಯ ಪಾತ್ರೆ ತೊಳೆದಿಟ್ಟಿದ್ದರು. ಅವನಿಗೇನು ಚಿಂತೆ? ಹೊಲದವರ ಮನೆಯಲ್ಲಿ ರೊಟ್ಟಿ ತಿಂದು ಬಂದಿದ್ದ. “ಪಲ್ಯ ಇಲ್ಲೀದಕ್ಕಿಂತ ಅಲ್ಲೀದು ಛಲೋ ಇತ್ತು” ಎಂದು ಬೀಗರ ಮುಂದೆಯೇ ಹೇಳಿದ. ನಾವು ಮುಖ ಎಲ್ಲಿಟ್ಟುಕೊಳ್ಳಬೇಕು, ನೀವೇ ಹೇಳಿ!

ಇಂಥವನು ನನ್ನ ಮಗಳ ಓದಿನ ವಿಷಯಕ್ಕೂ ಕೈಹಾಕಿದ.

ಅವಳು ಪರಿಸರ ನೀತಿಯಲ್ಲಿ ಎಂ.ಎ. ಮಾಡುತ್ತೇನೆಂದು ಹಠ ಹಿಡಿದು, ಹೈದರಾಬಾದಿನಲ್ಲೊಂದು, ಪುಣೆಯಲ್ಲೊಂದು ವಿಶ್ವವಿದ್ಯಾಲಯದಲ್ಲಿ ಸೀಟು ಗಿಟ್ಟಿಸಿದ್ದಳು. ಎರಡೂ ಅವಳಿ ಜವಳಿ! ಅದೇ ವಿಷಯಗಳು, ಅದೇ ಅವಧಿ, ವೆಬ್‌ಸೈಟಿನಲ್ಲಿ ಅದೇ ಮರ, ಮರದ ಕೆಳಗೆ ಅದೇ ನಗು. ಮಗಳು ಬೆಳಿಗ್ಗೆ ಹೈದರಾಬಾದ್ ಎನ್ನುವಳು, ಊಟದ ಹೊತ್ತಿಗೆ ಪುಣೆ. ಆ ವಾರದೊಳಗೆ ಯಾವುದಾದರೂ ಒಂದಕ್ಕೆ ಹೂಂ ಅನ್ನಲೇಬೇಕಿತ್ತು.

“ಅಪ್ಪಾ, ನನಗ ಪುಸ್ತಕ ಉರು ಹೊಡಿಯೂದು ಬ್ಯಾಡ. ನಮ್ಮ ಭೀಮಾ ಹೊಳಿಗೆ ಏನಾಗ್ಯದ, ಏನು ಮಾಡಬೇಕು, ಅದು ಕಲೀಬೇಕು. ತಪ್ಪು ಕಡಿ ಹೋಗಿ ಕುಂತ್ರ ಹ್ಯಾಂಗ?” ಎಂದು ಅಳುವುದೊಂದೇ ಬಾಕಿ.

ಸುದ್ದಿ ಕೇಳಿ ಮಾಮಾ ಜೇವರ್ಗಿಯಿಂದ ಬಸ್ಸು ಹಿಡಿದು ಅಫಜಲಪುರದ ನಮ್ಮ ಮನೆಗೆ ಬಂದಿಳಿದ. ಇಸ್ತ್ರಿ ಮಾಡಿದ ಧೋತರ, ತಲೆಗೆ ರುಮಾಲು!

“ಹೆಣ್ಣು ಕೊಡೂ ಮನಿ ನೋಡಲಾರದ ಹ್ಯಾಂಗ ಕೊಡ್ತೀಯಲೇ?”

“ಮಾಮಾ, ಇದು ಮದುವಿ ಅಲ್ಲ, ಓದು!”

“ಅಲ್ಲಿ ಉಣ್ಣಾಕಿ, ಕುಡಿಯಾಕಿ ಅಕಿನೇ ಹೌದಿಲ್ಲೋ? ಫರಕ್ ಏನದ?”

ಹೊರಟೆವು. ಹೈದರಾಬಾದಿನ ಕಚೇರಿಯಲ್ಲಿ ಒಬ್ಬರು ಸಜ್ಜನರು ನಮ್ಮನ್ನು ಕೂರಿಸಿ ನೀರಿನ ಬಾಟಲಿ ಕೊಟ್ಟರು. ಮಾಮಾ ತನ್ನ ದಖ್ಖನಿ ಉರ್ದುವಿನಲ್ಲಿ ಕೇಳಿಯೇಬಿಟ್ಟ, ಇದು ಎಲ್ಲಿಂದ ಬಂತು? ಕ್ಯಾಂಟೀನಿನಿಂದ ಎಂದರು. ಕ್ಯಾಂಟೀನಿಗೆ? ವ್ಯಾನಿನಲ್ಲಿ. ವ್ಯಾನಿಗೆ? ಅವರು ನಕ್ಕು, ಬಣ್ಣದ ಕೈಪಿಡಿಯೊಂದನ್ನು ಮಾಮಾನ ಕೈಗಿಟ್ಟು ಒಳಗೆ ಹೋದರು. ಮಗಳು ನಾಚಿಕೆಯಿಂದ ಕಿಟಕಿಯ ಹೊರಗೆ ನೋಡುತ್ತಿದ್ದಳು.

ಪುಣೆಯಲ್ಲೂ ಅದೇ ಪ್ರಶ್ನೆ. ಈ ಸಲ ಕೇಳಿಸಿಕೊಂಡದ್ದು ಒಬ್ಬ ತರುಣ ಅಧ್ಯಾಪಕಿ. ಆಕೆ ನಗಲಿಲ್ಲ. “ನನಗೂ ಗೊತ್ತಿಲ್ಲ, ಬನ್ನಿ, ನೋಡೋಣ” ಎಂದು ಹಿಂದಿಯಲ್ಲಿ ಹೇಳಿ ಚಪ್ಪಲಿ ಮೆಟ್ಟಿಕೊಂಡು ನಡೆದೇಬಿಟ್ಟರು. ಹಾಸ್ಟೆಲಿನ ಹಿಂದೆ ಟ್ಯಾಂಕರ್ ನಿಂತಿತ್ತು. ಡ್ರೈವರ್ ದೂರದ ಯಾವುದೋ ಹಳ್ಳಿಯ ಹೆಸರು ಹೇಳಿದ. ಹಾಗಾದರೆ ಆ ಹಳ್ಳಿಯವರು ಏನು ಕುಡಿಯುತ್ತಾರೆ ಎಂದು ನನ್ನ ಮಗಳು ಕೇಳಿದಳು. ಅಲ್ಲಿಗೆ ಮುಗಿಯಿತು! ಅವರಿಬ್ಬರೂ ಬಿಸಿಲಲ್ಲೇ ನಿಂತು ಮಾತಾಡಿದರು, ನಾನೂ ಮಾಮಾನೂ ಬೇವಿನ ಕೆಳಗೆ, ಮನೆಯಿಂದ ಕಟ್ಟಿಕೊಂಡು ಬಂದ ಬೆಲ್ಲ ತಿನ್ನುತ್ತ ಕುಳಿತೆವು.

“ಟ್ಯಾಂಕರ್ ನೀರಿನ ಮನಿ. ಬ್ಯಾಡ ಅಂತೀಯೇನು?” ಎಂದೆ.

“ಅಲ್ಲಿ ಕೇಳಿದ್ರ ನಕ್ರು. ಇಲ್ಲಿ ಎದ್ದು ಬಂದ್ರು. ಇಲ್ಲೇ ಕೊಡು.”

ಮಗಳು ಆಗಲೇ ತನ್ನನ್ನು ತಾನೇ ಕೊಟ್ಟುಕೊಂಡಿದ್ದಳು. ವಾಪಸು ಬರುವಾಗ ರೈಲಿನಲ್ಲೇ ಫೋನು ತೆಗೆದು ಪುಣೆಗೆ ಹೂಂ ಎಂದಳು.

ಮನೆಗೆ ಬಂದು ಅವಳು ಇದನ್ನೆಲ್ಲ ನನ್ನ ಅವ್ವನಿಗೆ ಹೇಳಿ ನಗಿಸಿದಳು. ಆಮೇಲೆ ಮಾಮಾನ ಕಡೆ ತಿರುಗಿ ಕೇಳಿದಳು:

“ಖರೆ ಹೇಳು ಮುತ್ಯಾ, ಯಾಕ ಹೀಂಗ ಕೇಳ್ತಿ?”

ಮಾಮಾ ರುಮಾಲು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡ. “ನಿಮ್ಮ ಆಯಿನ್ನ, ಈ ನನ್ನ ತಂಗಿನ್ನ, ಕೊಡೂಮುಂದ ಈ ಮನಿತನ ನೋಡಾಕ ಬಂದಾವ ನಾನೇ ಬೇ. ತಾಮ್ರದ ತಂಬಿಗಿ ಒಳಗ ತಣ್ಣನ್ನ ನೀರು ಕೊಟ್ರು. ಕುಡದೆ. ಛಲೋ ಮನಿ ಅಂತ ಹೇಳಿ ಹೋದೆ. ಎಲ್ಲಿಂದ ತರ್ತಾರ ಅಂತ ಕೇಳಲಿಲ್ಲ.”

ಆಗ ನಮ್ಮ ಮನೆಯವರು ಇದ್ದದ್ದು ಇದೇ ತಾಲೂಕಿನ ಒಂದು ಹಳ್ಳಿಯಲ್ಲಿ. ನೀರು ಬರುತ್ತಿದ್ದದ್ದು ಭೀಮೆಯ ಮರಳಿನಲ್ಲಿ ತೋಡಿದ ವರತೆಯಿಂದ, ಅವ್ವನ ತಲೆಯ ಮೇಲೆ. ಇಂದಿಗೂ ಅವ್ವನಿಗೆ ಕತ್ತು ಹೊರಳುವುದಿಲ್ಲ. ಯಾರಾದರೂ ಕರೆದರೆ ಇಡೀ ಮೈ ತಿರುಗಿಸಿಯೇ ನೋಡುತ್ತಾಳೆ. ಅದು ಅವಳ ಠೀವಿ ಎಂದು ನಾವೆಲ್ಲ ತಮಾಷೆ ಮಾಡುತ್ತಿದ್ದೆವು.

ಅವ್ವ ಎದ್ದು ಅಡುಗೆಮನೆಗೆ ಹೋದಳು. ನಲ್ಲಿ ತಿರುಗಿಸಿದ ಸದ್ದಾಯಿತು. ತಂಬಿಗೆ, ಬೆಲ್ಲ ತಂದು ಅಣ್ಣನ ಮುಂದೆ ಹಿಡಿದಳು.

“ಕುಡಿ ಅಣ್ಣಾ. ನಳದ ನೀರು. ಈಗ ಯಾರೂ ಹೊತ್ತು ತರೂದಿಲ್ಲ.”

ಮಾಮಾ ಏನನ್ನೂ ಕೇಳದೆ ಕುಡಿದ.